ಸಣ್ಣ ವಿಮಾನದ ಸೀಟಿಗೆ ಹೊಸ ಕುಶನ್: ಕೊಡಗಿನ ಅಂಗಡಿಯೊಂದರ ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ. ಕುಶನ್ ಅಂಗಡಿಗಳಿಗೆ ಮಾತ್ರ ಬರವಿಲ್ಲ. ಕುಶಾಲನಗರದ ನಮ್ಮ ಅಂಗಡಿಗೆ ದಿನಾ ಬರುವುದು ತೋಟದ ಜೀಪು, ಪಿಕಪ್ಪು, ಹೋಂಸ್ಟೇಯವರ ಸೋಫಾ. ಹಾಗಿರುವಾಗ ಒಂದು ಜೂನ್ ತಿಂಗಳಲ್ಲಿ ಸಿದ್ದಾಪುರದ ಕಡೆಯ ಪ್ಲಾಂಟರ್ ಒಬ್ಬರು ಕಂಬಳಿ ಸುತ್ತಿದ ಎರಡು ಸೀಟು, ಒಂದು ಬೆಂಚು ತಂದು ಇಳಿಸಿದರು. ಬೆಂಗಳೂರಿನ ಜಕ್ಕೂರಿನಲ್ಲಿ ನಿಂತಿರುವ ಅವರ ನಾಲ್ಕು ಸೀಟಿನ ಸೆಸ್ನಾ 172ರವು.

"ಎಷ್ಟು ದಿನ ಬೇಕಪ್ಪಾ?" ಅಂದರು. "ಒಂದು ವಾರ ಸಾರ್" ಅಂದೆ.

ಆ ಒಂದು ವಾರ ನಾಲ್ಕು ತಿಂಗಳಾಯಿತು. ಅದರಲ್ಲಿ ಹೊಲಿಗೆಗೆ ಹಿಡಿದದ್ದು ಒಂಬತ್ತು ದಿನ. ಮಿಕ್ಕಿದ್ದೆಲ್ಲ ನಾನು ಮೊದಲೇ ಕೇಳಬೇಕಿದ್ದ ಪ್ರಶ್ನೆಗಳನ್ನು ಆಮೇಲೆ ಕೇಳಿದ್ದಕ್ಕೆ ತೆತ್ತ ದಂಡ. ನನ್ನ ಹಾಗೆ ಜೀಪಿನ ಕೈ ಇಟ್ಟುಕೊಂಡು ವಿಮಾನದ ಸೀಟಿಗೆ ಇಳಿಯುವವರಿಗೆ, ಹಾಗೆಯೇ ತಮ್ಮ ಸೀಟನ್ನು ಯಾರಿಗೋ ಕೊಡಬೇಕೆಂದಿರುವ ಮಾಲೀಕರಿಗೆ ಇದನ್ನು ಬರೆಯುತ್ತಿದ್ದೇನೆ.

ಕತ್ತರಿಗೆ ಮೊದಲು ಎಎಂಇ

ವಿಮಾನಕ್ಕೆ ಸಂಬಂಧಪಟ್ಟ ಯಾವ ಕೆಲಸಕ್ಕೂ ಕೊನೆಯಲ್ಲಿ ಒಂದು ಸಹಿ ಬೇಕು. ಅದನ್ನು ಹಾಕುವವರು ಡಿಜಿಸಿಎ (ದೇಶದ ನಾಗರಿಕ ವಿಮಾನಯಾನ ನಿರ್ದೇಶನಾಲಯ) ಲೈಸೆನ್ಸ್ ಇರುವ ಎಎಂಇ, ಅಂದರೆ ವಿಮಾನ ನಿರ್ವಹಣಾ ಎಂಜಿನಿಯರ್. ನೀವು ಎಷ್ಟೇ ಚೆಂದ ಹೊಲಿಯಿರಿ, ಅವರು ಒಪ್ಪದೆ ಆ ಸೀಟು ಹಾರುವುದಿಲ್ಲ. ನಾನು ಮೊದಲ ಸಲ ಮುಂದಿನ ಸೀಟೊಂದನ್ನು ಪೂರ್ತಿ ಮುಗಿಸಿ ಫೋಟೋ ಕಳಿಸಿದೆ. ಆ ಕಡೆಯಿಂದ ಬಂದದ್ದು ಒಂದೇ ಸಾಲು: "ಬಟ್ಟೆಯ ಬರ್ನ್ ಸರ್ಟಿಫಿಕೇಟ್ ಕಳಿಸಿ." ನನ್ನ ಹತ್ತಿರ ಇದ್ದದ್ದು ಅಂಗಡಿಯ ಬಿಲ್ಲು. ಆ ಸೀಟನ್ನು ನಾನೇ ಬಿಚ್ಚಿದೆ.

ಹಾಗಾಗಿ ಮೊದಲ ಕೆಲಸ ಎಂದರೆ ವಿಮಾನದ ಮಾಡೆಲ್, ತಯಾರಾದ ವರ್ಷ, ಸೀಟಿನ ಕೆಳಗೆ ಅಂಟಿಸಿದ ಲೇಬಲ್ಲಿನ ಪಾರ್ಟ್ ನಂಬರ್ ಬರೆದುಕೊಂಡು ಎಎಂಇಗೆ ಫೋನ್ ಮಾಡುವುದು. ಯಾವ ಬಟ್ಟೆ, ಯಾವ ಫೋಮ್, ಏನೇನು ಕಾಗದ ಬೇಕು ಎಂದು ಕೇಳಿ ಬರೆಸಿಕೊಳ್ಳಿ. ಬಾಯಿಮಾತು ಬೇಡ, ವಾಟ್ಸ್ಯಾಪ್ ಆದರೂ ಸರಿ.

ತಯಾರಾದ ವರ್ಷ ಯಾಕೆ ಮುಖ್ಯ ಅಂದರೆ, ಸೀಟುಗಳಲ್ಲಿ ಎರಡು ಜಾತಿ. ಸೆಸ್ನಾ 172ನ್ನೇ ನೋಡಿ. 1986ರಲ್ಲಿ ಇದರ ತಯಾರಿ ನಿಂತು, ಹತ್ತು ವರ್ಷದ ಮೇಲೆ ಮತ್ತೆ ಶುರುವಾಯಿತು. ನಿಲ್ಲುವ ಮೊದಲಿನವುಗಳಲ್ಲಿ ಇರುವುದು ಸರಳ ಚೌಕಟ್ಟು, ಅದರ ಮೇಲೆ ಫೋಮ್. ಆಮೇಲಿನವುಗಳಲ್ಲಿ ವಿಮಾನ ನೆಲಕ್ಕೆ ಬಡಿದಾಗಿನ ಹೊಡೆತಕ್ಕೆ ಸೀಟನ್ನೇ ಪರೀಕ್ಷೆ ಮಾಡಿರುತ್ತಾರೆ. ಅಮೆರಿಕದ ನಿಯಮಕ್ಕೆ 1988ರಲ್ಲಿ ಸೇರಿದ ಈ ಪರೀಕ್ಷೆಯಲ್ಲಿ ಮುಂದಿನ ಸೀಟಿಗೆ 26 ಜಿ, ಅಂದರೆ ಭೂಮಿಯ ಸೆಳೆತದ 26 ಪಟ್ಟು. ಅಂಥ ಸೀಟಿನಲ್ಲಿ ಫೋಮ್ ಇರುವುದು ಬರೀ ಮೆತ್ತಗಾಗಲಿ ಎಂದಲ್ಲ, ಬೆನ್ನುಮೂಳೆಗೆ ಬರುವ ಪೆಟ್ಟನ್ನು ಅದು ಎಷ್ಟು ಕುಡಿಯುತ್ತದೆ ಎಂಬುದೂ ಲೆಕ್ಕದಲ್ಲಿದೆ. ಸಾರ್‌ಗೆ ಸುಖವಾಗಲಿ ಎಂದು ಎರಡು ಇಂಚು ಮೆತ್ತನೆ ಫೋಮ್ ಸೇರಿಸಿದರೆ, ಬಿದ್ದಾಗ ಅವರ ಸೊಂಟ ಮೊದಲು ಆ ಎರಡು ಇಂಚು ಕುಸಿದು, ಆಮೇಲೆ ಚೌಕಟ್ಟಿಗೆ ಇನ್ನಷ್ಟು ಜೋರಾಗಿ ಬಡಿಯುತ್ತದೆ. ಹೊಸ ಜಾತಿಯ ಸೀಟಾದರೆ ಫೋಮ್ ಮುಟ್ಟಬೇಡಿ. ಕೆಟ್ಟಿದ್ದರೆ ಅದೇ ಪಾರ್ಟ್ ನಂಬರಿನದನ್ನು ತರಿಸಿ, ಮೇಲಿನ ಕವರ್ ಮಾತ್ರ ನೀವು ಮಾಡಿ. ಈ ಬರಹದ ಫೋಮ್ ಭಾಗ ಹಳೆಯ ಸೀಟುಗಳಿಗೆ ಮಾತ್ರ.

ಯಾವ ತಿಂಗಳು

ಮಳೆಗಾಲದಲ್ಲಿ ಬೇಡ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಬೆಲ್ಟು, ಚಪ್ಪಲಿ, ಕೋಟು ಎಲ್ಲಕ್ಕೂ ಬೂಷ್ಟು ಹಿಡಿಯುವುದು ಗೊತ್ತೇ ಇದೆ. ಚರ್ಮ ನೀರು ಎಳೆದು ಹಿಗ್ಗಿರುತ್ತದೆ. ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಮಳೆಯಲ್ಲಿ) ಕತ್ತರಿಸಿ ಹೊಲಿದ ಕವರ್ ಜನವರಿಯ ಬಿಸಿಲಿಗೆ ಕುಗ್ಗಿ ಹೊಲಿಗೆಯ ತೂತು ಬಾಯಿ ಬಿಡುತ್ತದೆ. ಅಂಟು ಒಣಗಲು ತಡ, ಒಣಗಿದ ಹಾಗೆ ಕಂಡರೂ ಒಳಗೆ ಹಸಿ. ಫೋಮಿನೊಳಗೆ ಸೇರಿದ ತೇವ ಹ್ಯಾಂಗರಿಗೆ ಹೋದ ಮೇಲೆ ಮುಗ್ಗಲು ವಾಸನೆಯಾಗಿ ಹೊರಗೆ ಬರುತ್ತದೆ. ಕಾವೇರಿ ಸಂಕ್ರಮಣ ಕಳೆದು ಮಳೆ ಹಿಂದಾದ ಮೇಲೆ ಕೈ ಹಾಕಿ. ಕಾಫಿ ಕಣಕ್ಕೆ ಬಿಸಿಲು ಬರುವ ಕಾಲವೇ ಇದಕ್ಕೂ ಕಾಲ. ಮಳೆಗಾಲವನ್ನು ಕಾಗದ ಪತ್ರಕ್ಕೆ, ಬಟ್ಟೆ ತರಿಸುವುದಕ್ಕೆ ಇಟ್ಟುಕೊಳ್ಳಿ. ಹೇಗೂ ಅದಕ್ಕೆ ಅಷ್ಟು ದಿನ ಬೇಕು.

ಸೀಟು ಬಿಚ್ಚುವುದು, ತೂಗುವುದು

ಸೀಟನ್ನು ವಿಮಾನದಿಂದ ಎಎಂಇ ಅಥವಾ ಅವರ ಕಣ್ಣಳತೆಯಲ್ಲಿ ಇನ್ನೊಬ್ಬರು ಬಿಚ್ಚಲಿ. ಮುಂದಿನ ಸೀಟು ನೆಲದ ಎರಡು ರೈಲುಗಳ ಮೇಲೆ ಹಿಂದೆ ಮುಂದೆ ಜರಗುತ್ತದೆ. ರೈಲಿನ ತುದಿಯಲ್ಲಿ ಸ್ಟಾಪರ್ ಇರುತ್ತದೆ, ಅದನ್ನು ತೆಗೆದರೆ ಸೀಟು ಜಾರಿ ಕೈಗೆ ಬರುತ್ತದೆ. ತೆಗೆದ ಸ್ಟಾಪರ್, ಪಿನ್ನು, ಸ್ಕ್ರೂ ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ ಹೆಸರು ಬರೆದಿಡಿ.

ಸೀಟು ಹೊರಗಿರುವಾಗಲೇ ರೈಲು ನೋಡಿಸಿಬಿಡಿ. ಸೆಸ್ನಾಗಳಲ್ಲಿ ರೈಲಿನ ತೂತು ಸವೆದು, ಪಿನ್ನು ಸರಿಯಾಗಿ ಕೂರದೆ, ಮೇಲೇರುವ ಹೊತ್ತಿಗೆ ಪೈಲಟ್ ಸೀಟು ಹಿಂದಕ್ಕೆ ಜಾರುವ ಹಳೆಯ ತೊಂದರೆ ಇದೆ. ಜಾರುವವರು ಆಸರೆಗೆ ಹಿಡಿಯುವುದು ಎದುರಿಗಿರುವ ಯೋಕನ್ನೇ, ಅಂದರೆ ವಿಮಾನದ ಚುಕ್ಕಾಣಿಯನ್ನೇ. ಅದು ಹಿಂದಕ್ಕೆ ಬಂದರೆ ವಿಮಾನದ ಮೂಗು ಇನ್ನೂ ಮೇಲೆ ಏಳುತ್ತದೆ. 1989ರಲ್ಲಿ ಫ್ಲೋರಿಡಾದಲ್ಲಿ ಬಿದ್ದ ಸೆಸ್ನಾ 185ರ ಮೊಕದ್ದಮೆಯಲ್ಲಿ ವಾದ ನಡೆದದ್ದು ಈ ಜಾರುವ ಸೀಟಿನ ಮೇಲೆಯೇ. 2001ರಲ್ಲಿ ಜ್ಯೂರಿ 48 ಕೋಟಿ ಡಾಲರ್ ಪರಿಹಾರ ಹೇಳಿತು. ಇದಕ್ಕೆಂದೇ ಇರುವ ಅಮೆರಿಕದ 2011ರ ಕಡ್ಡಾಯ ಆದೇಶದಂತೆ ಪ್ರತಿ 100 ಗಂಟೆ ಹಾರಾಟಕ್ಕೆ ಅಥವಾ 12 ತಿಂಗಳಿಗೊಮ್ಮೆ ರೈಲು, ಪಿನ್ನು, ರೋಲರ್ ತಪಾಸಣೆ ಆಗಬೇಕು. ನಿಮ್ಮ ಕೈಯ ಹೊಲಿಗೆ ಎಷ್ಟೇ ಗಟ್ಟಿ ಇರಲಿ, ಅದು ನಿಂತಿರುವುದು ಆ ಪಿನ್ನಿನ ಮೇಲೆ.

ಅಂಗಡಿಗೆ ಬಂದ ಸೀಟನ್ನು ಬಿಚ್ಚುವ ಮೊದಲು ತೂಗಿ. ನಾವು ಪಕ್ಕದ ಕಾಫಿ ವ್ಯಾಪಾರಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ, ಕಾಫಿ ಮೂಟೆಗಳ ಮಧ್ಯೆ ತೂಗಿದೆವು. ಪ್ರತಿ ಸೀಟಿಗೂ ಬೇರೆ ಚೀಟಿ. ಮುಗಿದ ಮೇಲೆ ಅದೇ ತಕ್ಕಡಿಯಲ್ಲಿ ಮತ್ತೆ ತೂಗಬೇಕು.

ತೂಕದ ಗೀಳು ಯಾಕೆ ಎಂದು ನಮ್ಮ ಮೇಸ್ತ್ರಿ ಕೇಳಿದ. ಜೀಪಿಗೆ ಹತ್ತು ಕೆ.ಜಿ. ಜಾಸ್ತಿಯಾದರೆ ಯಾರು ಕೇಳುತ್ತಾರೆ? ಇಲ್ಲಿ ಲೆಕ್ಕ ಬೇರೆ. ವಿಮಾನದ ಪೆಟ್ರೋಲು ಲೀಟರಿಗೆ ಸುಮಾರು 0.72 ಕೆ.ಜಿ. ತೂಗುತ್ತದೆ. ಹೊಸ ಕುಶನ್ನಿನಿಂದ 6 ಕೆ.ಜಿ. ಏರಿತು ಅನ್ನಿ. ತುಂಬಾ ಭಾರ ಹೊತ್ತು ಹೊರಡುವ ದಿನ 8 ಲೀಟರಿನಷ್ಟು ಪೆಟ್ರೋಲು ಕೆಳಗಿಡಬೇಕು. ಗಂಟೆಗೆ ಮೂವತ್ತು ಲೀಟರಿನ ಆಸುಪಾಸು ಕುಡಿಯುವ ಈ ವಿಮಾನಕ್ಕೆ ಅದು ಕಾಲು ಗಂಟೆಯ ಹಾರಾಟ. ಇನ್ನೂ ಒಂದಿದೆ. ಭಾರ ಎಲ್ಲಿ ಸೇರಿತು ಎಂಬುದೂ ಮುಖ್ಯ. 172ರಲ್ಲಿ ತೂಕದ ಲೆಕ್ಕಕ್ಕೆ ಅಳತೆ ಶುರುಮಾಡುವ ಮೂಲಗೆರೆಯಿಂದ ಮುಂದಿನ ಸೀಟು ಸುಮಾರು 37 ಇಂಚು, ಹಿಂದಿನ ಬೆಂಚು 73 ಇಂಚು. ಬೆಂಚಿಗೆ ಸೇರಿಸಿದ ಒಂದು ಕೆ.ಜಿ. ವಿಮಾನದ ತೂಕದ ನಡುಬಿಂದುವನ್ನು ಹಿಂದಕ್ಕೆ ಎಳೆಯುತ್ತದೆ. ಆದ್ದರಿಂದಲೇ ಎರಡು ತೂಕದ ಚೀಟಿಯನ್ನೂ ಎಎಂಇಗೆ ಕೊಡಬೇಕು. ತೂಕದ ದಾಖಲೆ ತಿದ್ದುವುದು ಅವರ ಕೆಲಸ.

ಹಳೆಯ ಕವರ್ ಬಿಚ್ಚುವಾಗ

ಎಲ್ಲ ಕಡೆಯಿಂದ ಫೋಟೋ ತೆಗೆದು, ಹಳೆಯ ಕವರಿನ ಮೇಲೆಯೇ ಬಾಲ್‌ಪೆನ್ನಿನಲ್ಲಿ 'ಎಡ', 'ಬಲ', 'ಮುಂದೆ' ಎಂದು ಬರೆಯಿರಿ. ಹೊಲಿಗೆ ಕೂಡುವ ಕಡೆ ಎರಡೂ ತುಂಡಿನ ಮೇಲೆ ಹಾಯುವ ಹಾಗೆ ಅಡ್ಡ ಗೀಟು ಎಳೆಯಿರಿ, ಕೈಯಗಲಕ್ಕೆ ಒಂದು. ಹೊಸ ತುಂಡುಗಳನ್ನು ಕೂಡಿಸುವಾಗ ಆ ಗೀಟುಗಳೇ ದಾರಿ. ಕವರನ್ನು ಎಳೆದು ಹರಿಯಬೇಡಿ, ಬ್ಲೇಡಿನಲ್ಲಿ ಒಂದೊಂದೇ ಹೊಲಿಗೆ ಬಿಡಿಸಿ. ಹಳೆಯ ಕವರೇ ನಿಮ್ಮ ಪ್ಯಾಟರ್ನ್.

ಈ ಸೆಸ್ನಾದ ಬೆಂಚಿನ ಅಡಿಯಲ್ಲಿ ನಮಗೆ ಸಿಕ್ಕಿದ್ದು ಇಲಿಯ ಗೂಡು. ಹ್ಯಾಂಗರಿನಲ್ಲಿ ತಿಂಗಳುಗಟ್ಟಲೆ ನಿಂತ ವಿಮಾನದಲ್ಲಿ ಇದು ಅಪರೂಪವಲ್ಲ. ಗೂಡನ್ನು ಎಸೆದು ಮುಂದಕ್ಕೆ ಹೋಗಬೇಡಿ. ಇಲಿಯ ಮೂತ್ರ ಅಲ್ಯೂಮಿನಿಯಂ ತಿನ್ನುತ್ತದೆ. ಕೊಳವೆಯ ಮೇಲೆ ಬಿಳಿ ಪುಡಿ, ಗುಳ್ಳೆಯೆದ್ದ ಬಣ್ಣ, ಬೆಸುಗೆಯ ಹತ್ತಿರ ಕೂದಲೆಳೆಯಂಥ ಬಿರುಕು ಕಂಡರೆ ಕೆಲಸ ನಿಲ್ಲಿಸಿ ಎಎಂಇಗೆ ತೋರಿಸಿ. ನಮ್ಮೂರ ವೆಲ್ಡಿಂಗ್ ಶಾಪಿಗೆ ಕೊಂಡುಹೋಗುವ ಆಸೆ ಬರುತ್ತದೆ, ಎದುರುಗಡೆಯೇ ಇದೆ. ಬೇಡವೇ ಬೇಡ. ಚೌಕಟ್ಟು ನಿಮ್ಮದೂ ಅಲ್ಲ, ಅವನದೂ ಅಲ್ಲ.

ಬೆಲ್ಟಿಗೂ ಇದೇ ಮಾತು. ಸೀಟ್ ಬೆಲ್ಟಿನ ಪಟ್ಟಿ ಮಾಸಿದೆ ಎಂದು ಬ್ಲೀಚಿನಲ್ಲಿ ತೊಳೆಯುವುದು, ಅಂಚು ಬಿಚ್ಚಿದೆ ಎಂದು ನಮ್ಮ ಮಶೀನಿನಲ್ಲಿ ಒಂದು ಹೊಲಿಗೆ ಓಡಿಸುವುದು, ಲೇಬಲ್ ಕತ್ತರಿಸುವುದು, ಮೂರನ್ನೂ ಮಾಡಬಾರದು. ಲೇಬಲ್ ಹೋದ ಬೆಲ್ಟು ದಾಖಲೆಯ ಲೆಕ್ಕದಲ್ಲಿ ಬೆಲ್ಟೇ ಅಲ್ಲ.

ಬಟ್ಟೆ, ಚರ್ಮ, ಬೆಂಕಿ

ಕೆಲಸದ ಜೀವ ಇರುವುದು ಇಲ್ಲಿ. ಜೀಪಿಗೆ ಹಾಕುವ ರೆಕ್ಸಿನ್ ತುಂಡೊಂದನ್ನು ಇಕ್ಕಳದಲ್ಲಿ ಹಿಡಿದು ಲೈಟರ್ ತೋರಿಸಿ ನೋಡಿ. ಮೊದಲು ಸುಕ್ಕಾಗುತ್ತದೆ, ಆಮೇಲೆ ಕಪ್ಪು ಹೊಗೆ, ಆಮೇಲೆ ಉರಿಯುವ ಹನಿ ತೊಟತೊಟ ನೆಲಕ್ಕೆ. ಸಾದಾ ಫೋಮ್ ಅದಕ್ಕಿಂತ ಬೇಗ, ಅದರ ಹೊಗೆಯಲ್ಲಿ ಸಯನೈಡ್ ಜಾತಿಯ ವಿಷ ಇರುತ್ತದೆ. ಜೀಪಾದರೆ ಬಾಗಿಲು ತೆಗೆದು ಹಾರಬಹುದು. ಮೂರು ಸಾವಿರ ಅಡಿ ಮೇಲೆ ಎಲ್ಲಿಗೆ ಹಾರುವುದು?

ಪರೀಕ್ಷೆಗಳು ಮುಖ್ಯವಾಗಿ ಎರಡು ಥರ. ಹಳೆಯ ಸಣ್ಣ ವಿಮಾನಗಳಿಗೆ ಮಲಗಿಸಿ ಸುಡುವ ಪರೀಕ್ಷೆ ಸಾಕಾಗಬಹುದು: ಬೆಂಕಿ ನಿಮಿಷಕ್ಕೆ 4 ಇಂಚಿಗಿಂತ ಜಾಸ್ತಿ ಹರಿಯಬಾರದು. ಕಟ್ಟುನಿಟ್ಟಿನದು ನಿಲ್ಲಿಸಿ ಸುಡುವುದು. ತುಂಡನ್ನು ತೂಗುಹಾಕಿ ಕೆಳಗಿನಿಂದ 12 ಸೆಕೆಂಡು ಜ್ವಾಲೆ ಕೊಟ್ಟು ತೆಗೆಯುತ್ತಾರೆ. ಆಮೇಲೆ 15 ಸೆಕೆಂಡಿನೊಳಗೆ ತಾನಾಗಿ ಆರಬೇಕು, ಸುಟ್ಟ ಉದ್ದ 8 ಇಂಚು ದಾಟಬಾರದು, ಉದುರಿದ ಹನಿ 5 ಸೆಕೆಂಡಿಗಿಂತ ಹೆಚ್ಚು ಉರಿಯಬಾರದು. ಇವು ಒಂದೇ ತುಂಡಿನ ಅಂಕಿಗಳಲ್ಲ; ಕನಿಷ್ಠ ಮೂರು ತುಂಡಿನ ಸರಾಸರಿ. ನೇಯ್ದ ಬಟ್ಟೆಯಾದರೆ ಹಾಸಿನ ದಿಕ್ಕಿಗೆ ಮೂರು, ಹೊಕ್ಕಿನ ದಿಕ್ಕಿಗೆ ಮೂರು. ನಿಮ್ಮ ವಿಮಾನಕ್ಕೆ ಯಾವುದು ಅನ್ವಯ ಎಂದು ಎಎಂಇ ಹೇಳುತ್ತಾರೆ. ನನ್ನನ್ನು ಕೇಳಿದರೆ, ಹಳೆಯ ವಿಮಾನವಾದರೂ ನಿಲ್ಲಿಸಿ ಸುಡುವ ಪರೀಕ್ಷೆ ಗೆದ್ದ ಸಾಮಾನನ್ನೇ ತನ್ನಿ. ದರ ಜಾಸ್ತಿ, ಆದರೆ ಪ್ರಶ್ನೆ ಕಡಿಮೆ.

ಮನೆಯಲ್ಲೇ ಸುಟ್ಟು ನೋಡಿ ಖಾತ್ರಿ ಮಾಡಿಕೊಂಡರೆ ಸಾಲದೇ? ಸಾಲದು. ಅದರಲ್ಲೂ ನಮ್ಮ ಜಿಲ್ಲೆಯಲ್ಲಿ ಸಾಲದು. ನಿಯಮದ ಪ್ರಕಾರ ತುಂಡನ್ನು ಸುಡುವ ಮೊದಲು ಸುಮಾರು 21 ಡಿಗ್ರಿ ಸೆಲ್ಸಿಯಸ್ ಶಾಖ, 50 ಶೇಕಡಾ ತೇವಾಂಶದಲ್ಲಿ 24 ಗಂಟೆ ಇಡಬೇಕು. ಜುಲೈಯಲ್ಲಿ ನಮ್ಮ ಅಂಗಡಿಯೊಳಗೆ ಗೋಡೆಯೇ ಬೆವರುತ್ತಿರುತ್ತದೆ. ಉಣ್ಣೆ ಮಿಶ್ರಿತ ಬಟ್ಟೆಯ ಒಂದು ತುಂಡನ್ನು ನಾನು ಆಗ ಸುಟ್ಟು ನೋಡಿದೆ, ಲೈಟರ್ ತೆಗೆದ ಕೂಡಲೇ ಆರಿತು. ಖುಷಿಯಾಯಿತು. ಅದೇ ಥಾನಿನ ಇನ್ನೊಂದು ತುಂಡನ್ನು ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಇಟ್ಟು ಸುಟ್ಟೆ. ಸರಸರನೆ ಉರಿಯಿತು. ಮೊದಲ ಸಲ ಬೆಂಕಿ ಆರಿಸಿದ್ದು ಬಟ್ಟೆಯ ಗುಣವಲ್ಲ, ಕೊಡಗಿನ ಮಳೆ. ಮನೆಯ ಪರೀಕ್ಷೆ ಬೇಡದ ಮಾಲನ್ನು ಎಸೆಯುವುದಕ್ಕೆ ಮಾತ್ರ, ಒಪ್ಪಿಕೊಳ್ಳುವುದಕ್ಕಲ್ಲ. ಸುಡುವಾಗ ಹೊರಗೆ ನಿಂತು, ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟುಕೊಂಡು ಸುಡಿ.

ಕೊಳ್ಳುವಾಗ ಬಾಯಲ್ಲಿ 'ಫೈರ್‌ಪ್ರೂಫ್' ಎನ್ನುವ ಅಂಗಡಿಯವರನ್ನು ನಂಬಬೇಡಿ. ಪರೀಕ್ಷೆಯ ವರದಿಯಲ್ಲಿ ಇರುವ ಬ್ಯಾಚ್ ನಂಬರೂ ನಿಮಗೆ ಕೊಟ್ಟ ಥಾನಿನ ನಂಬರೂ ಒಂದೇ ಇರಬೇಕು. ಬಟ್ಟೆ ಬೇರೆ, ಫೋಮ್ ಬೇರೆ ಪಾಸಾದರೂ, ಎರಡನ್ನೂ ಅಂಟಿಸಿ ಕೂಡಿಸಿದಾಗ ಬೇರೆ ಥರ ಉರಿಯಬಹುದು. ನಾವು ದಿನಾ ಬಳಸುವ ಘಾಟು ವಾಸನೆಯ ರಬ್ಬರ್ ಅಂಟು ಅದಕ್ಕೆ ಎಣ್ಣೆ ಹೊಯ್ದ ಹಾಗೆ. ಆದ್ದರಿಂದ ಹಾಕುವ ಹಾಗೆಯೇ ಬಟ್ಟೆ, ಅಂಟು, ಫೋಮ್ ಸೇರಿಸಿದ ತುಂಡುಗಳನ್ನು ಪರೀಕ್ಷೆ ಮಾಡುವ ಲ್ಯಾಬಿಗೆ ಕಳಿಸುವುದು ಒಳ್ಳೆಯದು. ಬೆಂಕಿ ತಡೆಯುವ ದ್ರಾವಣ ಸಿಂಪಡಿಸಿ ತಂದ ಬಟ್ಟೆಯೂ ಸಿಗುತ್ತದೆ. ಒಗೆದರೆ ಅದರ ಗುಣ ಹೋಗಬಹುದು, ಮಾಲೀಕರಿಗೆ ಮೊದಲೇ ಹೇಳಿ.

ಚರ್ಮವೋ ಬಟ್ಟೆಯೋ? ಎಲ್ಲರೂ ಚರ್ಮ ಕೇಳುತ್ತಾರೆ. ನೋಡಲು ಗತ್ತು, ನಿಜ. ಆದರೆ ಚದರ ಮೀಟರಿಗೆ ಒಂದು ಕೆ.ಜಿ.ಯ ಹತ್ತಿರ ತೂಗುತ್ತದೆ, ಬಿಸಿಲಿಗೆ ಸುಡುತ್ತದೆ, ಬೂಷ್ಟು ಹಿಡಿಯುತ್ತದೆ. ನನ್ನ ಸಲಹೆ: ಕೂರುವ, ಒರಗುವ ಜಾಗಕ್ಕೆ ಉಣ್ಣೆ ಬಟ್ಟೆ, ಉಜ್ಜಾಡುವ ಪಕ್ಕಗಳಿಗೆ ತೆಳು ಚರ್ಮ. ಸಿದ್ದಾಪುರದ ಸಾರ್ ಒಪ್ಪಲಿಲ್ಲ, ಪೂರ್ತಿ ಚರ್ಮವೇ ಬೇಕೆಂದರು. ತೂಕದ ಚೀಟಿ ನೋಡಿದ ಮೇಲೆ ಬೆಂಚಿಗೆ ಬಟ್ಟೆ ಆಗಬಹುದು ಎಂದರು.

ಫೋಮ್

ಹಳೆಯ ಫೋಮನ್ನು ಅಳೆಯುವಾಗ ಕುಸಿದ ನಡುಭಾಗವನ್ನು ಅಳೆಯಬೇಡಿ, ಅಂಚನ್ನು ಅಳೆಯಿರಿ. ಮೂಲ ಎತ್ತರ ಅಲ್ಲಿ ಉಳಿದಿರುತ್ತದೆ. ಎತ್ತರ ಬದಲಾದರೆ ಪೈಲಟ್ ಕಣ್ಣಿನ ಮಟ್ಟ ಬದಲಾಗುತ್ತದೆ. ಇಳಿಯುವಾಗ ರನ್‌ವೇ ಅವರಿಗೆ ಬೇರೆ ಕೋನದಲ್ಲಿ ಕಾಣುತ್ತದೆ. ಕೆಳಗೆ ಗಟ್ಟಿ ಪದರ, ಮಧ್ಯೆ ಮಧ್ಯಮ, ಮೇಲೆ ತೆಳುವಾದ ಮೆತ್ತನೆಯದು, ಹೀಗೆ ಮೂರು ಪದರ ಕೂರಿಸಿದರೆ ಎರಡು ಗಂಟೆ ಕೂತರೂ ತೊಡೆ ಜೋಮು ಹಿಡಿಯುವುದಿಲ್ಲ. ಫೋಮನ್ನು ಕವರಿನ ಅಳತೆಗಿಂತ ಸುತ್ತಲೂ ಕಾಲು ಇಂಚು ದೊಡ್ಡದಾಗಿ ಕತ್ತರಿಸಿ, ಆಗ ಕವರ್ ಬಿಗಿಯಾಗಿ ಕೂರುತ್ತದೆ. ಕತ್ತರಿಸಲು ಉದ್ದನೆಯ ಹ್ಯಾಕ್ಸಾ ಬ್ಲೇಡು ಸಾಕು, ಒತ್ತಬೇಡಿ, ಎಳೆಯಿರಿ.

ಕತ್ತರಿ, ಹೊಲಿಗೆ

ಬಿಡಿಸಿದ ಹಳೆಯ ತುಂಡುಗಳನ್ನು ಇಸ್ತ್ರಿ ಮಾಡಿ ರಟ್ಟಿನ ಮೇಲೆ ಗೆರೆ ಎಳೆದುಕೊಳ್ಳಿ. ಮೂವತ್ತು ವರ್ಷ ಕೂತು ಕೂತು ಹಿಗ್ಗಿದ ತುಂಡು ಹಾಗೇ ನಕಲಾದರೆ ಹೊಸ ಕವರೂ ಜೋಲು ಬೀಳುತ್ತದೆ. ಎಡ ಬಲ ಎರಡನ್ನೂ ಮಡಚಿ ಒಂದರ ಮೇಲೊಂದು ಇಟ್ಟು, ಕಡಿಮೆ ಹಿಗ್ಗಿದ್ದನ್ನು ಆರಿಸಿ. ಮೊದಲು ಹಳೆಯ ಬೆಡ್‌ಶೀಟಿನಲ್ಲಿ ಹೊಲಿದು ಸೀಟಿಗೆ ತೊಡಿಸಿ ನೋಡಿ. ಅರ್ಧ ದಿನ ಹೋಗುತ್ತದೆ, ಚರ್ಮ ಉಳಿಯುತ್ತದೆ.

ಹತ್ತಿ ದಾರ ಬೇಡ, ತೇವಕ್ಕೆ ಕೊಳೆಯುತ್ತದೆ. ಗಾಜಿನಿಂದ ದಿನವಿಡೀ ಬಿಸಿಲು ಬೀಳುವ ಸೀಟಿಗೆ ನೈಲಾನಿಗಿಂತ ಬಾಂಡೆಡ್ ಪಾಲಿಯೆಸ್ಟರ್ ತಡೆಯುತ್ತದೆ. 69ನೇ ನಂಬರ್ ದಾರ, 18ನೇ ನಂಬರ್ ಸೂಜಿ, ಬಟ್ಟೆಯನ್ನು ಮೇಲಿನಿಂದಲೂ ಕೆಳಗಿನಿಂದಲೂ ಒಟ್ಟಿಗೆ ಎಳೆಯುವ ಮಶೀನು. ಇಂಚಿಗೆ ಆರೇಳು ಹೊಲಿಗೆ. ಒತ್ತೊತ್ತಾಗಿ ಹಾಕಿದರೆ ಗಟ್ಟಿ ಎಂದು ತಿಳಿಯಬೇಡಿ. ಚರ್ಮದಲ್ಲಿ ಅದು ಅಂಚೆ ಚೀಟಿಯ ತೂತಿನ ಸಾಲಾಗಿ, ಎಳೆದರೆ ಅಲ್ಲೇ ಹರಿಯುತ್ತದೆ. ಚರ್ಮದಲ್ಲಿ ಬಿದ್ದ ಸೂಜಿ ತೂತು ಮುಚ್ಚುವುದಿಲ್ಲ, ತಪ್ಪು ಹೊಲಿಗೆಗೆ ಕ್ಷಮೆ ಇಲ್ಲ. ಮೊದಲು ಮೇಲಿನ ತುಂಡುಗಳು, ಆಮೇಲೆ ಪೈಪಿಂಗ್ (ಅಂಚಿನ ಉಬ್ಬು ಪಟ್ಟಿ), ಕೊನೆಗೆ ಪಕ್ಕದ ಪಟ್ಟಿ. ಮೂಲೆಯಲ್ಲಿ ಸೂಜಿ ಒಳಗೆ ಇಟ್ಟು ಬಟ್ಟೆ ತಿರುಗಿಸಿ, ಪಟ್ಟಿಯ ಅಂಚಿಗೆ ಮೂರು ಸಣ್ಣ ಕಚ್ಚು ಕೊಡಿ. ಜೇಬಿಗೆ ಆಯಸ್ಕಾಂತದ ಗುಂಡಿ ಹಾಕುವ ಚಾಳಿ ಈಗ ಬಂದಿದೆ. ದಿಕ್ಸೂಚಿ ಇರುವ ಕಾಕ್‌ಪಿಟ್‌ಗೆ ಅದು ಬೇಡ, ವೆಲ್ಕ್ರೋ ಹಾಕಿ.

ತೊಡಿಸುವುದು

ಕವರನ್ನು ಅರ್ಧ ಗಂಟೆ ಬಿಸಿಲಿಗೆ ಹಾಕಿ ಬೆಚ್ಚಗೆ ಮಾಡಿಕೊಂಡರೆ ಸಲೀಸು. ನಡುವಿನಿಂದ ಶುರು ಮಾಡಿ, ಎದುರುಬದುರು ಎಳೆದು ಹಾಗ್ ರಿಂಗ್ (ಕವರನ್ನು ಬಿಗಿಯುವ ಸಣ್ಣ ತಂತಿ ಬಳೆ) ಹಾಕುತ್ತಾ ಮೂಲೆಗೆ ಬನ್ನಿ. ರಿಂಗುಗಳನ್ನು ಎಣಿಸಿಯೇ ಡಬ್ಬಿಯಿಂದ ತೆಗೆಯಿರಿ. ನಾವು 120 ತೆಗೆದೆವು, ಸೀಟಿನಲ್ಲಿ 109, ಡಬ್ಬಿಗೆ ವಾಪಸ್ 10. ಉಳಿದ ಒಂದಕ್ಕೆ ಒಂದೂವರೆ ಗಂಟೆ ಹುಡುಕಿದೆವು, ಮೇಸ್ತ್ರಿಯ ಪ್ಯಾಂಟಿನ ಮಡಿಕೆಯಲ್ಲಿತ್ತು. ಜೀಪಿನಲ್ಲಾದರೆ ನಗುತ್ತಿದ್ದೆವು. ವಿಮಾನದ ನೆಲದ ಕೆಳಗೆ ಓಡುವುದು ಕಂಟ್ರೋಲ್ ಕೇಬಲ್ಲುಗಳು. ಅಲ್ಲಿಗೆ ಬಿದ್ದ ರಿಂಗು ಯಾವತ್ತೋ ಒಂದು ದಿನ ಪುಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಮುರಿದ ಸೂಜಿಯ ತುದಿಗೂ ಇದೇ ಲೆಕ್ಕ, ಎರಡೂ ಚೂರು ಸಿಗುವ ತನಕ ಸೀಟು ಅಂಗಡಿ ಬಿಡಬಾರದು.

ವಾಪಸ್ ಕೂರಿಸುವಾಗ

ಅದೇ ತಕ್ಕಡಿಯಲ್ಲಿ ತೂಗಿ, ಚೀಟಿ ಬರೆದು, ಸೀಟಿನ ಜೊತೆ ನೀವೂ ಜಕ್ಕೂರಿಗೆ ಹೋಗಿ. ಕೂರಿಸಿ ಸಹಿ ಹಾಕುವವರು ಎಎಂಇಯೇ ಆದರೂ, ಕವರ್ ಎಲ್ಲಿ ತಡೆಯುತ್ತದೆ ಎಂದು ಗೊತ್ತಾಗುವುದು ಹೊಲಿದವರಿಗೆ. ಸೀಟು ಪೂರ್ತಿ ಮುಂದೆ, ಪೂರ್ತಿ ಹಿಂದೆ ಹೋಗಬೇಕು. ಪ್ರತಿ ತೂತಿನಲ್ಲೂ ಪಿನ್ನು ಟಕ್ ಎಂದು ಬೀಳಬೇಕು, ನಮ್ಮ ಚರ್ಮದ ಅಂಚು ಅದಕ್ಕೆ ಅಡ್ಡ ಬರಬಾರದು. ಬಿಚ್ಚುವಾಗ ತೆಗೆದ ಸ್ಟಾಪರ್ ಮತ್ತೆ ರೈಲಿನ ತುದಿಗೆ ಬಂತೇ ನೋಡಿ. ಪೈಲಟ್ಟನ್ನು ಕೂರಿಸಿ ಬೆಲ್ಟು ಕಟ್ಟಿಸಿ, ಯೋಕನ್ನು ಕೊನೆಯ ತನಕ ಎಳೆಸಿ, ಎರಡೂ ಕಡೆ ತಿರುಗಿಸಿ. ನಮ್ಮಲ್ಲಿ ಮೊಣಕಾಲ ಹತ್ತಿರದ ಪೈಪಿಂಗ್ ರೆಕ್ಕೆಯ ಫ್ಲ್ಯಾಪ್ ಇಳಿಸುವ ಸ್ವಿಚ್ಚಿನ ಕಡೆ ಕೈ ಚಾಚುವಾಗ ತೋಳಿಗೆ ತಾಗುತ್ತದೆ ಎಂದರು. ಅಲ್ಲೇ ಕೂತು ಬಿಚ್ಚಿ, ಕೈ ಹೊಲಿಗೆಯಲ್ಲಿ ಚಪ್ಪಟೆ ಮಾಡಿಕೊಟ್ಟೆ.

ಎಎಂಇ ಕೈಗೆ ಕೊಡುವ ಲಕೋಟೆಯಲ್ಲಿ ಇರಬೇಕಾದ್ದು: ಬಟ್ಟೆ, ಚರ್ಮ, ಫೋಮ್, ಅಂಟು ಇವುಗಳ ಬಿಲ್ಲು, ಬ್ಯಾಚ್ ನಂಬರ್ ಇರುವ ಪರೀಕ್ಷಾ ವರದಿ, ಮೊದಲಿನ ಮತ್ತು ನಂತರದ ತೂಕ, ಏನೇನು ಮಾಡಿದೆವು ಎಂಬ ಒಂದು ಪುಟ. ಜೊತೆಗೆ ಉಳಿದ ಬಟ್ಟೆ, ಚರ್ಮದಿಂದ ಒಂದೊಂದು ಗೇಣು ಕತ್ತರಿಸಿ, ಹಿಂಬದಿಯಲ್ಲಿ ಬ್ಯಾಚ್ ನಂಬರ್ ಬರೆದು ಮಾಲೀಕರಿಗೆ ಕೊಡಿ. ನಾಳೆ ಒಂದು ಮೂಲೆ ಹರಿದರೆ ತೇಪೆಗೂ ಅದೇ ಕಾಗದ ಬೇಕಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ ಎಂದು ಹೇಳಿ, ಬೆವರಿ ಬೂಷ್ಟು ಹಿಡಿಯುತ್ತದೆ. ನಮ್ಮ ಸಾರ್ ಬಿಸ್ಕತ್ತಿನ ತಗಡಿನ ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟಿದ್ದಾರಂತೆ, ಇಲಿಗೂ ಸಿಗದ ಹಾಗೆ.